ಜೋಡಿ ಸೈಕಲಿಗೆ ಟಯರು, ಕುಕ್ಕುಂದೂರಿನ ದಾರಿ

ಕಾಪುವಿನಲ್ಲಿ ನಮ್ಮ ಸೈಕಲನ್ನು ಬಸ್ಸಿನ ಮೇಲೆ ಹಾಕಲು ಮೂವರು ಬೇಕಾಯಿತು. ಕಂಡಕ್ಟರ್ ಕೆಳಗೆ ನಿಂತು ತಲೆ ಕೆರೆದುಕೊಂಡ. "ಇದು ಎಷ್ಟು ಸೈಕಲ್ ಟೀಚರ್? ಸೀಟು ಎರಡು ಉಂಟಲ್ವಾ? ಹಾಗಾದರೆ ಎರಡು ಲಗೇಜು ಆಗ್ತದೆ" ಎಂದ. "ಚಕ್ರ ಎರಡೇ ಇರುವುದು, ಎಣಿಸಿ ನೋಡಿ" ಎಂದೆ. ಅವನು ನಿಜವಾಗಿಯೂ ಎಣಿಸಿದ. ಒಳಗೆ ಕುಳಿತಿದ್ದ ಮೀನುಗಾರ ಹೆಂಗಸರು ನಕ್ಕರು. ಕೊನೆಗೆ ಒಂದೇ ಲಗೇಜಿಗೆ ಒಪ್ಪಿದ. ಉಡುಪಿಗೆ ಬರೀ ಎಂಟು ಮೈಲು. ತುಳಿದೇ ಹೋಗಬಹುದಿತ್ತು, ಆದರೆ ಸೈಕಲಿಗೆ ಟಯರು ಇರಲಿಲ್ಲ. ಟಯರು ಹುಡುಕಲೆಂದೇ ನಾವು ಹೊರಟಿದ್ದು.

ಸಾವಿರದ ಒಂಬೈನೂರ ಎಂಬತ್ತೈದರ ಜನವರಿ, ಕ್ರಿಸ್ಮಸ್ ರಜೆಯ ಕೊನೆಯ ದಿನಗಳು. ನಾನು ಕಾಪುವಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನನ್ನ ಗಂಡ ಗ್ರೆಗರಿ ಗಲ್ಫಿನಲ್ಲಿ ಲಾರಿ ಓಡಿಸುತ್ತಿದ್ದರು. ಗಲ್ಫಿನಿಂದ ಬರುವವರು ಟೇಪ್‌ರೆಕಾರ್ಡರ್ ತರುತ್ತಾರೆ, ನೈಲಾನ್ ಸೀರೆ ತರುತ್ತಾರೆ. ಇವರು ತಂದದ್ದು ಇಬ್ಬರು ಕುಳಿತು ತುಳಿಯುವ ಒಂದು ಹಳೆಯ ಇಂಗ್ಲಿಷ್ ಸೈಕಲು. ಕೆಲಸ ಬಿಟ್ಟು ಊರಿಗೆ ಹೋಗುತ್ತಿದ್ದ ಒಬ್ಬ ಬಿಳಿಯ ಎಂಜಿನಿಯರ್ ಕೊಟ್ಟದ್ದಂತೆ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ನೆರೆಹೊರೆಯವರು ಆಡಿಕೊಂಡರು. ಅದನ್ನು ಏಕೆ ತಂದರು ಎಂಬುದನ್ನು ನಾವು ಯಾರಿಗೂ ಹೇಳಿರಲಿಲ್ಲ.

ಗ್ರೆಗರಿಯ ಕಣ್ಣು ಹೋಗುತ್ತಿತ್ತು. ಕಣ್ಣಿನ ಒಳಪರದೆ ಅಂಚಿನಿಂದ ಸಾಯುತ್ತಾ ನಡುವಿಗೆ ಬರುವ ರೋಗ. ಮೊದಲು ಕತ್ತಲಾದ ಮೇಲೆ ಕಾಣಿಸುವುದು ನಿಂತಿತು, ಆಮೇಲೆ ಪಕ್ಕದಲ್ಲಿರುವುದು ಕಾಣದಾಯಿತು. ಲೈಸೆನ್ಸಿನ ತಪಾಸಣೆಯಲ್ಲಿ ಫೇಲಾದದ್ದೇ ಕಂಪೆನಿಯವರು ಊರಿಗೆ ಕಳಿಸಿದರು. ಅವರಿಗೆ ಈಗ ಉಳಿದಿದ್ದದ್ದು ನಡುವಿನ ಒಂದು ಕಿಂಡಿ ಮಾತ್ರ. ಆ ಕಿಂಡಿಯಲ್ಲಿ ನನ್ನ ಮೂಗು ಕಂಡರೆ ಕಿವಿ ಕಾಣುತ್ತಿರಲಿಲ್ಲ. ಬಂದ ಮೊದಲ ತಿಂಗಳು ಅವರು ಗೋಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕುಳಿತದ್ದು ಕುಳಿತದ್ದೇ. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಆ ಕುರ್ಚಿಯಿಂದ ಅವರನ್ನು ಎಬ್ಬಿಸಿದ್ದು ಈ ಸೈಕಲು ಒಂದೇ.

ನಾನು ಟ್ರೈನಿಂಗಿನ ಕಾಲದಲ್ಲಿ ಮಂಗಳೂರಿನಲ್ಲಿ ಸೈಕಲು ಕಲಿತವಳು. ಹಾಗಾಗಿ ಮುಂದೆ ನಾನು, ಹಿಂದೆ ಅವರು. ಸೈಕಲು ಮಾಡಿದವರ ಲೆಕ್ಕ ಬೇರೆಯಿತ್ತು. ಮುಂದಿನ ಸೀಟಿನ ಕೆಳಗೆ ಗಂಡಸರ ಸೈಕಲಿನ ಹಾಗೆ ಅಡ್ಡ ದಂಡ, ಹಿಂದೆ ಹೆಂಗಸರ ಸೈಕಲಿನ ಹಾಗೆ ಬಾಗಿದ ದಂಡ. ನಾನು ಇದಕ್ಕೆಂದೇ ಚೂಡಿದಾರ ಹೊಲಿಸಿಕೊಂಡೆ, ಅವರು ಮಾತಾಡದೆ ಹೆಂಗಸಿನ ಜಾಗದಲ್ಲಿ ಕುಳಿತರು. ಕಾಪುವಿನ ದೀಪಸ್ತಂಭದ ದಾರಿಯಲ್ಲಿ ಅಭ್ಯಾಸ ಮಾಡಿದೆವು. "ಸಾರಥಿ ಬಂದಳು" ಎಂದು ಜನ ಕಿಚಾಯಿಸುತ್ತಿದ್ದರು. ಈ ಸೈಕಲಿನಲ್ಲಿ ಎರಡೂ ಜೊತೆ ಪೆಡಲುಗಳನ್ನು ಒಂದು ಸರಪಳಿ ಕೂಡಿಸಿರುತ್ತದೆ. ಮುಂದಿನವರು ತುಳಿದರೆ ಹಿಂದಿನವರ ಕಾಲೂ ತಿರುಗಲೇಬೇಕು. ಹಿಂದಿನವರು ಶಕ್ತಿ ಹಾಕುತ್ತಾರೋ ಇಲ್ಲವೋ ಎನ್ನುವುದು ನೋಡುವವರಿಗೆ ಗೊತ್ತಾಗುವುದಿಲ್ಲ, ಮುಂದೆ ತುಳಿಯುವವರ ತೊಡೆಗೆ ಮಾತ್ರ ಗೊತ್ತಾಗುತ್ತದೆ. ಗ್ರೆಗರಿ ಶಕ್ತಿ ಹಾಕುತ್ತಿದ್ದರು.

ಟಯರು ಹಾಳು ಮಾಡಿದ್ದು ಮಾವ್ಶಿ. ಗ್ರೆಗರಿಯ ಚಿಕ್ಕಮ್ಮ, ನಮ್ಮ ಜೊತೆಯೇ ಇದ್ದವರು. ಬಾಗಿಲಿನ ತಿರುಗಣಿಗೆ, ಮೊಣಕಾಲಿಗೆ, ಶಿಲುಬೆಯ ಮರಕ್ಕೆ, ಸುಟ್ಟ ಗಾಯಕ್ಕೆ ಎಲ್ಲಕ್ಕೂ ಮಾವ್ಶಿಯ ಹತ್ತಿರ ಇದ್ದ ಮದ್ದು ತೆಂಗಿನೆಣ್ಣೆ. ಹಡಗಿನಲ್ಲಿ ಬಂದ ಟಯರು ಒಣಗಿ ಬಿರುಕು ಬಿಟ್ಟಿದ್ದನ್ನು ನೋಡಿ, ಪಾಪ ಎಂದು ಎರಡಕ್ಕೂ ದಿನಾ ಬೆಳಿಗ್ಗೆ ಎಣ್ಣೆ ತಿಕ್ಕಿದರು. ಕೆಲವೇ ದಿನಗಳಲ್ಲಿ ರಬ್ಬರು ಉಬ್ಬಿ, ನೆನೆದ ಹಪ್ಪಳದ ಹಾಗೆ ಕೈಗೆ ಬಂತು. ಗ್ರೆಗರಿ ಮೂಸಿ ನೋಡಿ ಅಲ್ಲೇ ಕುಳಿತುಬಿಟ್ಟರು.

"ರಬ್ಬರಿಗೆ ಎಣ್ಣೆ ಅಂದರೆ ವಿಷ, ಮಾವ್ಶಿ. ಲಾರಿಯ ಟಯರಿನ ಮೇಲೆ ಒಂದು ತೊಟ್ಟು ಬಿದ್ದರೂ ನಾವು ಒರೆಸ್ತಿದ್ದೆವು."

"ಒಳ್ಳೆಯದಾಗಲಿ ಅಂತ ಹಚ್ಚಿದ್ದು ಮಗಾ."

"ಗೊತ್ತುಂಟು. ಇನ್ನು ಮಾತ್ರ ಹಚ್ಚಬೇಡಿ."

ಉಡುಪಿಯಲ್ಲಿ ಹೊಸ ಟಯರು ಹಾಕಿಸಿ ಅಲ್ಲಿಂದಲೇ ಕಾರ್ಕಳದ ಹತ್ತಿರದ ಕುಕ್ಕುಂದೂರಿಗೆ ಹೋಗುವುದು ಎಂದು ಗ್ರೆಗರಿ ನಿಶ್ಚಯಿಸಿದರು. ಅಲ್ಲಿ ಅವರ ಅಣ್ಣ ಲಾದ್ರು ಇದ್ದರು. ತಮ್ಮ ಕಳಿಸಿದ ಹಣಕ್ಕೆ ತನ್ನದನ್ನೂ ಸೇರಿಸಿ ಲಾದ್ರು ಬಾವ ಕಲ್ಲು ಸಾಗಿಸುವ ಲಾರಿ ತೆಗೆದಿದ್ದರು. ಗ್ರೆಗರಿ ಬಂದು ಓಡಿಸುವವರೆಗೆ ಎಂದು ಬಾಡಿಗೆ ಡ್ರೈವರನ್ನು ಇಟ್ಟುಕೊಂಡಿದ್ದರು. ಕಣ್ಣಿನ ವಿಷಯ ಅವರಿಗೆ ಗೊತ್ತಿರಲಿಲ್ಲ. "ನಾನೇ ಹೇಳಬೇಕು. ಬಸ್ಸಿನಿಂದ ನಿನ್ನ ಕೈ ಹಿಡಿದುಕೊಂಡು ಇಳಿದು ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ ಸೆಲಿನ್. ಅಷ್ಟು ದೂರ ತುಳಿದುಕೊಂಡು ಹೋಗಿ ಅಣ್ಣನ ಅಂಗಳದಲ್ಲಿ ನಿಂತರೆ, ಲಾರಿ ಓಡಿಸಲಿಕ್ಕೆ ಆಗುವುದಿಲ್ಲ ಅಂತ ಹೇಳಬಹುದು. ಮತ್ತೆ ಬೇರೆ ಎಂತಾದರೂ ಕೆಲಸ ಕೇಳಬಹುದು" ಎಂದರು. ಈ ಪ್ರಯಾಣ ಕೆಟ್ಟರೆ ಅವರು ಮತ್ತೆ ಆ ಕುರ್ಚಿಗೆ ಹೋಗುತ್ತಾರೆ ಎಂದು ನನಗೆ ಗೊತ್ತಿತ್ತು. ನನ್ನ ಹೆದರಿಕೆ ಅದೊಂದೇ ಆಗಿತ್ತು.

ಉಡುಪಿಯಲ್ಲಿ ಬಸ್ಸಿನಿಂದ ಇಳಿಸಿದ ಸೈಕಲನ್ನು ಬರೀ ರಿಮ್ಮಿನ ಮೇಲೆ ತಳ್ಳಿಕೊಂಡು ಹೋದೆವು. ಆ ಸದ್ದಿಗೆ ಬೀದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎರಡು ಅಂಗಡಿಗಳಲ್ಲಿ ಇಲ್ಲವೆಂದರು. ಊರಿನ ಸೈಕಲುಗಳೆಲ್ಲ ಇಪ್ಪತ್ತೆಂಟು ಇಂಚಿನವು, ನಮ್ಮದು ಇಪ್ಪತ್ತಾರು. ಮೂರನೆಯ ಅಂಗಡಿಯ ಯಜಮಾನರು ಪ್ರಭುಗಳು ಹೊರಗೆ ಬಂದು, ಸೈಕಲಿನ ಉದ್ದವನ್ನು ನೋಡಿ, "ಇದಕ್ಕೆ ಲೇಡೀಸ್ ಸೈಕಲಿನ ಟಯರು ಕೂರ್ತದೆ" ಎಂದು ಒಂದನ್ನು ತಂದರು. ತೆಳ್ಳಗೆ, ಉದ್ದುದ್ದ ಗೆರೆಗಳಿದ್ದ ಟಯರು. ಗ್ರೆಗರಿ ಕೈಗೆ ತೆಗೆದುಕೊಂಡು ಎರಡು ಬೆರಳಿನಿಂದ ಹಿಸುಕಿದರು.

"ಇದು ಡಾಮರಿಗೆ ಸರಿ. ನಮಗೆ ಹೋಗಲಿಕ್ಕಿರುವುದು ಜಲ್ಲಿಯಲ್ಲಿ, ಮಣ್ಣಿನಲ್ಲಿ. ಇಬ್ಬರ ಭಾರ ಉಂಟು. ತೆಳ್ಳಗಿನದ್ದಕ್ಕೆ ಗಾಳಿ ಕಲ್ಲಿನ ಹಾಗೆ ತುಂಬಿಸಬೇಕು, ಆಗ ಜಲ್ಲಿಯ ಮೇಲೆ ಜಾರ್ತದೆ. ಗಾಳಿ ಕಡಿಮೆ ಮಾಡಿದರೆ ರಿಮ್ಮು ಟ್ಯೂಬನ್ನು ಕಚ್ಚುತ್ತದೆ. ಅಗಲದ್ದು ಬೇಕು ಮಾರಾಯ್ರೆ."

ಪ್ರಭುಗಳು ಅಟ್ಟದಿಂದ ಇನ್ನೊಂದು ಜೊತೆ ಇಳಿಸಿದರು. ದಪ್ಪ, ಅಗಲ, ಮೇಲೆ ಚೌಕ ಚೌಕದ ಗಟ್ಟಿ ಅಚ್ಚು. ಅಂಚಿನಲ್ಲಿ ಹೊಸ ರಬ್ಬರಿನ ಸಣ್ಣ ಸಣ್ಣ ರೋಮಗಳು ಎದ್ದು ನಿಂತಿದ್ದವು. ಗ್ರೆಗರಿಯ ಮುಖ ಬೆಳಗಿತು. ಫೋರ್ಕಿನ ನಡುವೆ ಟಯರು ಹಿಡಿದು, ಎರಡೂ ಬದಿಗೆ ಕಿರುಬೆರಳು ತೂರಿಸಿ ನೋಡಿದರು. ಮುಂದೆ ಜಾಗವಿತ್ತು. ಹಿಂದೆ ಮಡ್‌ಗಾರ್ಡ್ ತೆಗೆದರೆ ಮಾತ್ರ ಕೂರುತ್ತಿತ್ತು. "ತೆಗೆಯಿರಿ. ಕೆಸರು ಹಾರಿದರೆ ನನ್ನ ಬೆನ್ನಿಗೇ ಅಲ್ವಾ, ನನಗಂತೂ ಕಾಣುವುದಿಲ್ಲ" ಎಂದರು. ಗಲ್ಫಿನಿಂದ ಬಂದ ಮೇಲೆ ಅವರು ಮಾಡಿದ ಮೊದಲ ತಮಾಷೆ ಅದು.

"ಇದು ಯಾವ ಸೈಕಲಿಗೆ ಬರುವುದು?" ಎಂದು ನಾನು ಕೇಳಿದೆ. ಕೇಳಬಾರದಿತ್ತು ಎಂದು ಆಮೇಲೆ ಅನಿಸಿತು.

"ಸೈಕಲಿಗೆ ಅಲ್ಲ ಟೀಚರ್. ಅಂಗವಿಕಲರಿಗೆ ಕೊಡುವ ಮೂರು ಚಕ್ರದ ಗಾಡಿ ಉಂಟಲ್ಲ, ಕೈಯಲ್ಲಿ ತಿರುಗಿಸುವುದು, ಅದಕ್ಕೆ ತರಿಸಿದ್ದು. ಒಂದು ಜೊತೆ ಉಳಿಯಿತು."

ಗ್ರೆಗರಿ ಟಯರಿನ ರೋಮಗಳನ್ನು ಸುತ್ತಲೂ ಒಮ್ಮೆ ಸವರಿದರು. "ಹಾಗಾದರೆ ನಮಗೆ ಅಂತಲೇ ಉಳಿದದ್ದು. ಹಾಕಿ" ಎಂದರು. ಪ್ರಭುಗಳಿಗೆ ಅರ್ಥವಾಗಲಿಲ್ಲ. ಬೆಲೆ ಮಾತ್ರ ಲೇಡೀಸ್ ಟಯರಿನ ಎರಡರಷ್ಟು ಹೇಳಿದರು. "ಐದು ವರ್ಷಕ್ಕೆ ತೊಂದರೆ ಇಲ್ಲ" ಎಂದು ಗ್ರೆಗರಿ ನನ್ನ ಕಡೆಗೆ ಹೇಳಿದರು. ಐದು ವರ್ಷದ ಮಾತನ್ನು ಅವರ ಬಾಯಿಂದ ಕೇಳಿ ನಾನು ಚೌಕಾಶಿ ಮಾಡಲು ಹೋಗಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಮಣಿಪಾಲದ ಏರು ಹತ್ತಿದೆವು. ಬಿಸಿಲು ಕಾದಿತ್ತು. ಉಡುಪಿಯಿಂದ ಮಣಿಪಾಲಕ್ಕೆ ಒಂಟಿ ಸೈಕಲಿನವರೇ ಇಳಿದು ತಳ್ಳುತ್ತಾರೆ. ನಾನೂ ಇಳಿಯೋಣ ಎಂದೆ. "ತುಳಿ, ನಾನಿದ್ದೇನೆ" ಎಂದರು. ಹಿಂದಿನಿಂದ ಬಂದ ಅವರ ಬಲಕ್ಕೆ ನನ್ನ ಕಾಲಿನ ಕೆಳಗೆ ಪೆಡಲು ತಾನಾಗಿ ಹೋಗುತ್ತಿತ್ತು. ಲಾರಿಯ ಕ್ಲಚ್ಚು ಒತ್ತಿ ಒತ್ತಿ ಗಟ್ಟಿಯಾದ ಕಾಲುಗಳು. ಇಳಿಯದೆ ಮೇಲೆ ಮುಟ್ಟಿದೆವು. ಕಾಲೇಜಿನ ಹುಡುಗಿಯರು ಕೈ ಬೀಸಿದರು. ಗಾಡಿಗೆ ಸಮನಾಗಿ ಉಸಿರು ಬಿಡುತ್ತಿದ್ದ ಗಂಡ ಹಿಂದೆ ಇದ್ದಾನೆ ಎಂದು ನನಗೆ ಹೆಮ್ಮೆಯಾಯಿತು.

ಮಣಿಪಾಲದ ಆಸ್ಪತ್ರೆಯಲ್ಲಿ ನಮಗೆ ಆ ದಿನ ಬರಹೇಳಿದ್ದರು. ಡಾಕ್ಟರರು ಮೃದುವಾದ ಮನುಷ್ಯ. ಗ್ರೆಗರಿಯನ್ನು ಒಂದು ಯಂತ್ರದ ಎದುರು ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗ ಹೇಳಬೇಕೆಂದರು. ಚುಕ್ಕೆಗಳು ಬಂದು ಹೋಗುತ್ತಿದ್ದವು, ಗ್ರೆಗರಿ ಸುಮ್ಮನೆ ಕಾಯುತ್ತಿದ್ದರು. ಬದಿಯಲ್ಲಿ ನಿಂತ ನನಗೆ ಎಲ್ಲ ಕಾಣುತ್ತಿತ್ತು. ಹೊಡೆತ ತಿಂದವರನ್ನು ನೋಡುವುದಕ್ಕಿಂತ ಅದು ಕಷ್ಟವಾಗಿತ್ತು. ಆಮೇಲೆ ಡಾಕ್ಟರರು, "ಇದಕ್ಕೆ ಔಷಧ ಇಲ್ಲ. ಉಳಿದದ್ದೂ ನಿಧಾನಕ್ಕೆ ಹೋಗುತ್ತದೆ. ಸುಳ್ಳು ಹೇಳಿ ನಿಮ್ಮನ್ನು ಊರೂರು ತಿರುಗಿಸುವುದಿಲ್ಲ" ಎಂದರು. ಗ್ರೆಗರಿ ಕೇಳಿದ ಪ್ರಶ್ನೆ ಒಂದೇ: "ಸೈಕಲು ತುಳಿಯಬಹುದಾ?" ಹಿಂದೆ ಕುಳಿತಾದರೆ ಎಷ್ಟು ಬೇಕಾದರೂ ತುಳಿಯಿರಿ ಎಂದರು.

ಆ ರಾತ್ರಿ ಪರ್ಕಳದಲ್ಲಿ ನನ್ನ ಚಿಕ್ಕಪ್ಪನ ಮಗಳ ಮನೆಯಲ್ಲಿ ಉಳಿದೆವು. ಗಂಜಿ, ಬಂಗುಡೆ ಮೀನಿನ ಪುಳಿಮುಂಚಿ. ಗ್ರೆಗರಿ ಎರಡು ಸಲ ಬಡಿಸಿಕೊಂಡರು.

ಬೆಳಿಗ್ಗೆ ತಂಪಿನಲ್ಲೇ ಹೊರಟೆವು. ಆತ್ರಾಡಿಯವರೆಗೆ ದಾರಿ ಒಳ್ಳೆಯದಿತ್ತು. ಹಿರಿಯಡ್ಕ ದಾಟಿದ ಮೇಲೆ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಡಾಮರು ಕಿತ್ತು, ಜಲ್ಲಿ ಹರಡಿ ಹಾಗೇ ಬಿಟ್ಟಿದ್ದರು. ಮುಂದಿನ ಚಕ್ರ ನನ್ನ ಮಾತು ಕೇಳದೆ ಅತ್ತಿತ್ತ ಓಡಿತು. "ನಿಲ್ಲಿಸು" ಎಂದು ಗ್ರೆಗರಿ ಇಳಿದು, ಟಯರನ್ನು ಹೆಬ್ಬೆರಳಿನಿಂದ ಒತ್ತಿ, ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರು. ಮುಂದೆ ಹೆಚ್ಚು ಬಿಟ್ಟರು, ಭಾರ ಬೀಳುವ ಹಿಂದಿನದ್ದಕ್ಕೆ ಕಡಿಮೆ. ಮತ್ತೆ ಹತ್ತಿದಾಗ ಸೈಕಲು ಜಲ್ಲಿಯನ್ನು ಹಿಡಿದುಕೊಂಡು ಹೋಯಿತು. ಕಲ್ಲುಗಳು ಟಯರಿನ ಕೆಳಗೆ ಕರಕರ ಎಂದು ಕೂರುತ್ತಿದ್ದವು. "ಎಡಕ್ಕೆ ಮಣ್ಣು ಗಟ್ಟಿ ಉಂಟು, ಅಲ್ಲಿ ಹೋಗು" ಎಂದರು. "ನಿಮಗೆ ಹೇಗೆ ಗೊತ್ತು?" ಎಂದೆ. "ಸೀಟಿನಿಂದ ಗೊತ್ತಾಗ್ತದೆ. ಲಾರಿಯಲ್ಲಿಯೂ ರಸ್ತೆ ನೋಡುವುದು ಅರ್ಧ ಕುಂಡೆಯಿಂದಲೇ" ಎಂದರು. ನಾನು ಗದರಿದೆ. ಅವರು ನಕ್ಕರು.

ಬೈಲೂರಿನಲ್ಲಿ ಹೊಟೇಲಿಗೆ ಹೊಕ್ಕೆವು. ಗ್ರೆಗರಿ ಬೆಂಚನ್ನು ತಡವಿ ಕುಳಿತದ್ದನ್ನು ಹೊಟೇಲಿನವರು ಗಮನಿಸಿರಬೇಕು. ನನ್ನನ್ನೇ ನೋಡಿ, "ಅವರಿಗೆ ಎಂತ ಬೇಕಂತೆ?" ಎಂದರು.

"ಅವರಿಗೆ ಎರಡು ಬನ್ಸು ಮತ್ತು ಚಾ ಬೇಕಂತೆ" ಎಂದು ಗ್ರೆಗರಿಯೇ ಹೇಳಿದರು. "ಸಕ್ಕರೆ ಜಾಸ್ತಿ ಬೇಕಂತೆ."

ಹೊಟೇಲಿನವರು ನಾಚಿ ನಕ್ಕು, ಚಟ್ನಿಯನ್ನು ಕೇಳದೆಯೇ ತಂದಿಟ್ಟರು. ಆ ಇಡೀ ಬೆಳಿಗ್ಗೆ ನನಗೆ ಹೀಗೆಯೇ ಬದುಕಬಹುದು ಎನಿಸಿತು. ಕಣ್ಣು ಹೋಗಲಿ, ಈ ಬಾಯಿ ಮತ್ತು ಈ ಕಾಲು ಇದ್ದರೆ ಸಾಕು ಎಂದುಕೊಂಡೆ.

ಬೈಲೂರು ದಾಟಿದ ಮೇಲೆ ಹಿಂದಿನ ಚಕ್ರ ಒಮ್ಮೆ ಪಂಕ್ಚರ್ ಆಯಿತು. ಹಾವು ಕಚ್ಚಿದ ಹಾಗೆ ಟ್ಯೂಬಿನಲ್ಲಿ ಜೋಡಿ ತೂತು. ಗಾಳಿ ಸ್ವಲ್ಪ ಹೆಚ್ಚೇ ಬಿಟ್ಟದ್ದರಿಂದ ರಿಮ್ಮು ಕಚ್ಚಿತ್ತು. ಗ್ರೆಗರಿ ದಾರಿಬದಿಯ ಗೋಳಿಮರದ ಕೆಳಗೆ ಕುಳಿತು, ಟ್ಯೂಬನ್ನು ತುಟಿಯ ಹತ್ತಿರ ಹಿಡಿದು ಗಾಳಿ ಎಲ್ಲಿ ತಾಗುತ್ತದೆಂದು ಹುಡುಕಿ, ಅವರೇ ತೇಪೆ ಹಾಕಿದರು. ನಾನು ಪಂಪು ಒತ್ತಿದೆ. ಸೂರ್ಯ ಇಳಿಯುವ ಎಷ್ಟೋ ಮೊದಲೇ ಜೋಡುರಸ್ತೆ ಮುಟ್ಟಿ, ಕುಕ್ಕುಂದೂರಿನ ಮಣ್ಣಿನ ದಾರಿಗೆ ಇಳಿದೆವು. ಇಬ್ಬರೂ ಮೈಯೆಲ್ಲ ಕೆಂಪು ಧೂಳಾಗಿದ್ದೆವು.

ಲಾದ್ರು ಬಾವ ಗೇಟಿನವರೆಗೆ ಓಡಿ ಬಂದರು. "ಎಂತ ಮಾರಾಯ, ಸರ್ಕಸ್ಸಿನವರ ಹಾಗೆ" ಎಂದು ತಮ್ಮನನ್ನು ಅಪ್ಪಿಕೊಂಡು, ಬೆನ್ನಿನ ಧೂಳು ತಟ್ಟಿದರು. ಗ್ರೆಗರಿ ಯಾರ ಕೈಯನ್ನೂ ಹಿಡಿಯದೆ ಅಂಗಳದಲ್ಲಿ ನಿಂತಿದ್ದರು. ಅಂದುಕೊಂಡದ್ದು ಅಷ್ಟರವರೆಗೆ ಆಯಿತು. ಹೇಳಲು ಬಾಯಿ ತೆರೆದರು. ಬಾವ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಭುಜ ಹಿಡಿದು ಲಾರಿಯ ಎದುರಿಗೆ ನಿಲ್ಲಿಸಿ, "ಮೇಲೆ ನೋಡು" ಎಂದರು.

ಲಾರಿಯ ಹಣೆಯ ಹಲಗೆಯಲ್ಲಿ ಹೊಸ ಬಣ್ಣದಲ್ಲಿ ದೊಡ್ಡದಾಗಿ ಹೆಸರು ಬರೆಸಿದ್ದರು. ಗ್ರೆಗರಿ ಕತ್ತೆತ್ತಿ ತಲೆಯನ್ನು ನಿಧಾನವಾಗಿ ಎಡದಿಂದ ಬಲಕ್ಕೆ ಸರಿಸಿದರು. ಅವರ ಕಿಂಡಿಯಲ್ಲಿ ಒಂದು ಸಲಕ್ಕೆ ಒಂದೇ ಅಕ್ಷರ ಹಿಡಿಯುತ್ತದೆ. ಗ್ರೆ, ಗ, ರಿ. ಮೂರನ್ನೂ ಓದಿ ಮುಗಿಸಲು ಹಿಡಿದ ಹೊತ್ತು ನನಗೆ ತಡೆಯಲಾಗಲಿಲ್ಲ, ಬೇರೆ ಕಡೆ ನೋಡಿದೆ. ತಮ್ಮನಿಗೆ ಕಣ್ಣೀರು ಬಂದಿದೆ ಎಂದು ಬಾವ ಸಂತೋಷಪಟ್ಟು, ಕೀಲಿಕೈಯನ್ನು ಅವರ ಅಂಗೈಯಲ್ಲಿಟ್ಟರು. "ಹತ್ತು. ಕಾರ್ಕಳದವರೆಗೆ ಒಂದು ಸುತ್ತು ಹೊಡೆದು ಬಾ."

ಗ್ರೆಗರಿ ಹತ್ತಲಿಲ್ಲ. ಕೀಲಿಕೈ ಹಿಡಿದುಕೊಂಡು ಲಾರಿಗೆ ಒಂದು ಸುತ್ತು ಬಂದರು. ಪ್ರತಿ ಟಯರಿನ ಎದುರು ಕುಕ್ಕರುಗಾಲಲ್ಲಿ ಕುಳಿತು, ಅಚ್ಚಿನ ಆಳಕ್ಕೆ ಬೆರಳು ಹಾಕಿ ನೋಡಿದರು. "ಹಿಂದೆ ಎಡಗಡೆ ಒಳಗಿನದ್ದು ಸವೆದಿದೆ ಅಣ್ಣ, ಘಾಟಿಗೆ ಹೋಗುವ ಮೊದಲು ಬದಲಿಸು" ಎನ್ನುತ್ತಾ ಎದ್ದು ಬಂದು, "ತೆಗೆದುಕೋ. ನಾನು ಓಡಿಸುವುದಿಲ್ಲ" ಎಂದು ಕೀಲಿಕೈಯನ್ನು ಚಾಚಿದರು. ಅಷ್ಟರಲ್ಲಿ ಬಾವ ಎರಡು ಹೆಜ್ಜೆ ಬದಿಗೆ ಸರಿದಿದ್ದರು. ಗ್ರೆಗರಿ ಚಾಚಿದ ಕಡೆ ಯಾರೂ ಇರಲಿಲ್ಲ. ಅವರು ಆ ಖಾಲಿ ಜಾಗಕ್ಕೆ ಕೈ ಚಾಚಿಕೊಂಡೇ ಇದ್ದರು.

ಬಾವ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಬಂದು ಕೀಲಿಕೈಯನ್ನು ಮೆಲ್ಲಗೆ ತೆಗೆದುಕೊಂಡರು.

"ಯಾವಾಗಿನಿಂದ?"

ಅವರು ಕೇಳಿದ್ದು ನನ್ನನ್ನು. ಗ್ರೆಗರಿ ಅಲ್ಲೇ ನಿಂತಿದ್ದರು.

ಆಮೇಲೆ ಆ ಮನೆಯಲ್ಲಿ ನಡೆದದ್ದೆಲ್ಲ ಪ್ರೀತಿಯೇ. ಬಾವ ಒಂದು ಕೆಟ್ಟ ಮಾತು ಆಡಲಿಲ್ಲ, ಲಾರಿಯ ಸುದ್ದಿ ಎತ್ತಲಿಲ್ಲ, ಹಿತ್ತಲಿಗೆ ಹೋಗಿ ಅತ್ತು ಬಂದರು. ಅತ್ತಿಗೆ ಗ್ರೆಗರಿಯ ಎರಡೂ ಕೈ ಹಿಡಿದು, ಮೆಟ್ಟಿಲು ಉಂಟು ಮೆಟ್ಟಿಲು ಉಂಟು ಎನ್ನುತ್ತಾ ಒಳಗೆ ಕರೆದುಕೊಂಡು ಹೋದರು. ಆ ಮೆಟ್ಟಿಲಿನ ಮೇಲೆ ಆಡಿ ಬೆಳೆದವರು ಗ್ರೆಗರಿ. ಮೇಜಿನ ಹತ್ತಿರ ಕೂರಿಸಿ, ತಟ್ಟೆಯನ್ನು ಎದೆಯ ಹತ್ತಿರ ಸರಿಸಿದರು.

"ಅವನಿಗೆ ಚಾಕ್ಕೆ ಸಕ್ಕರೆ ಎಷ್ಟು ಸೆಲಿನ್?"

ಬೈಲೂರಿನಲ್ಲಿ ಕೊಟ್ಟ ಉತ್ತರವನ್ನು ಗ್ರೆಗರಿ ಇಲ್ಲಿಯೂ ಕೊಡುತ್ತಾರೆ ಎಂದು ಕಾದೆ. ಒಳಗೊಳಗೇ ದೇವರನ್ನು ಬೇಡಿಕೊಂಡೆ ಎಂದರೂ ಸರಿ. ಗ್ರೆಗರಿ ತಟ್ಟೆಯ ಅಂಚನ್ನು ಹಿಡಿದುಕೊಂಡು ಕುಳಿತಿದ್ದರು. ಅತ್ತಿಗೆ ಮತ್ತೊಮ್ಮೆ ಕೇಳಿದರು. ಎರಡು ಚಮಚ ಎಂದು ಕೊನೆಗೆ ನಾನೇ ಹೇಳಿದೆ. ಬೇರೆ ಕೆಲಸ ಕೇಳುವ ಮಾತು ಗ್ರೆಗರಿ ಎತ್ತಲೇ ಇಲ್ಲ. "ನೀನು ಎಂತದ್ದೂ ಮಾಡುವುದು ಬೇಡ, ಮನೆಯಲ್ಲಿ ಆರಾಮ ಕುಳಿತುಕೋ, ಲಾರಿಯಿಂದ ಬಂದದ್ದರಲ್ಲಿ ನಿನ್ನ ಪಾಲು ನಾನು ಮುಟ್ಟಿಸ್ತೇನೆ" ಎಂದು ಬಾವನೇ ಹೇಳಿಬಿಟ್ಟರು. ಅವರಿಗಿಂತ ಒಳ್ಳೆಯ ಅಣ್ಣ ಊರಲ್ಲಿ ಇಲ್ಲ. ಆ ಮಾತಿಗಿಂತ ಕೆಟ್ಟ ಮಾತನ್ನೂ ನಾನು ಕೇಳಿಲ್ಲ.

ಮರುದಿನ ಸೈಕಲನ್ನು ಲಾರಿಗೆ ಹಾಕಿ ಕಾಪುವಿಗೆ ಬಿಡುತ್ತೇನೆಂದು ಬಾವ ಹಟ ಹಿಡಿದರು. ಬೇಡ, ತುಳಿದೇ ಹೋಗುತ್ತೇವೆ ಎಂದು ನಾನು ಅದಕ್ಕಿಂತ ಹೆಚ್ಚು ಹಟ ಹಿಡಿದೆ. ಗ್ರೆಗರಿ ಯಾವುದಕ್ಕೂ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹತ್ತಿ ಎಂದಾಗ ಹಿಂದಿನ ಸೀಟಿಗೆ ಹತ್ತಿದರು. ಈ ಸಲ ಹತ್ತಿರದ ದಾರಿ ಹಿಡಿದೆವು. ಕಾರ್ಕಳ, ನಿಟ್ಟೆ, ಬೆಳ್ಮಣ್, ಅಲ್ಲಿಂದ ಶಿರ್ವದ ಕಡೆಗೆ. ಹೆಚ್ಚು ಇಳಿಜಾರೇ. ಕಾರ್ಕಳದಲ್ಲಿ ಬಂಡೆಯ ಮೇಲಿನ ಗೊಮ್ಮಟ ಬಿಸಿಲಿನಲ್ಲಿ ಬೆಳ್ಳಗೆ ನಿಂತಿದ್ದ. "ಕಾಣ್ತದಾ?" ಎಂದೆ.

ನಿಟ್ಟೆಯ ಹತ್ತಿರ ಮೊದಲ ಏರಿನಲ್ಲಿ ನನಗೆ ಗೊತ್ತಾಯಿತು. ಪೆಡಲು ಕಲ್ಲಾಗಿತ್ತು. ಪಂಕ್ಚರ್ ಆಗಿರಬೇಕೆಂದು ಇಳಿದು ಎರಡೂ ಟಯರು ಒತ್ತಿ ನೋಡಿದೆ. ಗಾಳಿ ಸರಿಯಾಗಿತ್ತು. ಬ್ರೇಕು ಎಲ್ಲಿಯೂ ತಾಗುತ್ತಿರಲಿಲ್ಲ. ಮತ್ತೆ ಹತ್ತಿ ತುಳಿದೆ. ಅವರ ಕಾಲುಗಳು ನನ್ನ ಹಿಂದೆ ಸರಿಯಾಗಿ ತಿರುಗುತ್ತಿದ್ದವು, ತಿರುಗಿಸುತ್ತಿದ್ದವಳು ನಾನು. ದಾರಿಯಲ್ಲಿ ಎದುರಾದವರು ಇಬ್ಬರೂ ತುಳಿಯುತ್ತಿದ್ದಾರೆ ಎಂದೇ ತಿಳಿದು ಕೈ ಬೀಸಿದರು. "ಸ್ವಲ್ಪ ತುಳಿಯಿರಿ" ಎಂದೆ. "ತುಳಿಯುತ್ತಿದ್ದೇನಲ್ಲ" ಎಂದರು. ಜಗಳ ಮಾಡೋಣ ಎನಿಸಿತು. ಆಗಲಿಲ್ಲ. ಬೆಳ್ಮಣ್‌ನಿಂದ ಶಿರ್ವದವರೆಗೆ ಮಣ್ಣಿನ ದಾರಿಯಲ್ಲಿ ನಾನು ಅಳುತ್ತಲೇ ತುಳಿದೆ. ಮುಂದಿನ ಸೀಟಿನ ಲಾಭ ಅದೊಂದು, ಹಿಂದಿನವರಿಗೆ ಮುಖ ಕಾಣುವುದಿಲ್ಲ. ಇವರಿಗಂತೂ ಕಾಣುವುದೇ ಇಲ್ಲ. ಟಯರು ಎಲ್ಲಿಯೂ ಜಾರಲಿಲ್ಲ. ಅಷ್ಟು ಒಳ್ಳೆಯ ಟಯರು ಆರಿಸಿದ್ದರು.

ಮಜೂರು ದಾಟಿ ಕಾಪು ಮುಟ್ಟುವಾಗ ಕಡಲ ಗಾಳಿ ಎದುರಿನಿಂದ ಬೀಸುತ್ತಿತ್ತು. ಮನೆಯ ಜಗಲಿಗೆ ಸೈಕಲು ಒರಗಿಸಿದೆ. ಟಯರಿನ ನಡುವಿನ ಅಚ್ಚಿಗೆ ಕೆಂಪು ಮಣ್ಣು ಹಿಡಿದಿತ್ತು, ಅಂಚಿನ ರೋಮಗಳು ಹೊಸತರ ಹಾಗೆಯೇ ನಿಂತಿದ್ದವು. ಗ್ರೆಗರಿ ಗೋಡೆ ಹಿಡಿದುಕೊಂಡು ಹೋಗಿ ಆ ಕುರ್ಚಿಯಲ್ಲಿ ಕುಳಿತರು. ಮಾವ್ಶಿ ಹೊರಗೆ ಬಂದು, ಹೊಸ ಟಯರನ್ನು ದೂರದಿಂದಲೇ ನೋಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ಭಾರೀ ಚಂದ ಉಂಟು ಮಗಾ. ನಾನು ಮುಟ್ಟುವುದಿಲ್ಲ ಆಯ್ತಾ? ಇದಕ್ಕೆ ಎಣ್ಣೆ ಹಚ್ಚಬಾರದಲ್ವಾ?"

ಗ್ರೆಗರಿ ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.

"ಹಚ್ಚಿ ಮಾವ್ಶಿ" ಎಂದರು.